ಹಾಲಿನ ಜೊತೆಗೊಂದು ಗುಳಿಗೆ

ಮೊದಲು ಬಂದದ್ದು ತುರಿಕೆ. ಗಾಯವಿಲ್ಲ, ಗುಳ್ಳೆಯಿಲ್ಲ, ಬರೀ ತುರಿಕೆ. ನಮ್ಮ ಯಜಮಾನರು ಕೂತಲ್ಲಿ ನಿಂತಲ್ಲಿ ಕೆರೆದುಕೊಳ್ಳುತ್ತಿದ್ದರು. "ಕಬಡ್ಡಿ ಆಡಿದ್ ಮಣ್ಣು ಕಣಮ್ಮಿ, ಬುಡು" ಎಂದರು. ನಾನೂ ಬಿಟ್ಟೆ. ಆಮೇಲೆ ಒಂದು ಬೆಳಿಗ್ಗೆ, ಉಡಿಗಾಲದ ನಮ್ಮ ಮನೆಯ ಜಗಲಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದವರು ನನ್ನನ್ನು ಕರೆದು, "ಕಣ್ಣು ನೋಡು" ಎಂದರು.

ಬಿಳಿಯೆಲ್ಲ ಅರಿಸಿನವಾಗಿತ್ತು.

ಇವರು ಕಬಡ್ಡಿಯಿಂದಲೇ ಅನ್ನ ಕಂಡವರು. ಚಾಮರಾಜನಗರ, ಗುಂಡ್ಲುಪೇಟೆ, ಗಡಿಯಾಚೆ ಸತ್ಯಮಂಗಲದವರೆಗೂ ಟೀಮುಗಳು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಿದ್ದವು. ಕಳೆದ ವರ್ಷವಂತೂ ಮೈ ಹೇಗೆ ಹುರಿಗಟ್ಟಿತ್ತೆಂದರೆ ಮದುವೆಯ ಅಂಗಿಯ ತೋಳು ಹೊಲಿಗೆ ಬಿಟ್ಟಿತ್ತು. ನನ್ನ ಅಡುಗೆಯ ಮಹಿಮೆ ಎಂದು ಬೀಗಿದೆ. ಮುದ್ದೆ, ಮೊಟ್ಟೆ, ಸಂಜೆ ಅತ್ತೆ ಕಾಯಿಸಿ ಕೊಡುವ ಹಾಲು. ಆ ಲೋಟವನ್ನು ಮಾತ್ರ ಅತ್ತೆ ನನ್ನ ಕೈಗೆ ಕೊಡುತ್ತಿರಲಿಲ್ಲ. ಮಗನ ಮೇಲಿನ ಅಕ್ಕರೆ ಅಂದುಕೊಂಡಿದ್ದೆ.

ಕಾಮಾಲೆ ಎಂದರೆ ನಮ್ಮ ಕಡೆ ಯಾರೂ ಮೊದಲು ಆಸ್ಪತ್ರೆಗೆ ಹೋಗುವುದಿಲ್ಲ. ಭೀಮನಬೀಡಿನಲ್ಲಿ ಸೊಪ್ಪಿನ ಮದ್ದು ಕೊಡುವ ಅಜ್ಜನ ಬಳಿ ಹೋದೆವು. ಸೊಪ್ಪು ಅರೆದು ಕುಡಿಸಿ ಪಥ್ಯ ಹೇಳಿದರು. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯ ವಾಸನೆಯೂ ಕೂಡದು. ಹಾಲು ಕುಡಿಯಬಹುದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಬಸ್ಸಿನಲ್ಲಿ ಛೇಡಿಸಿದೆ. ನಕ್ಕರು. ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಹಳದಿ.

ಪಥ್ಯವನ್ನು ವ್ರತದ ಹಾಗೆ ಪಾಲಿಸಿದರು. ಜೊತೆಗಿರಲಿ ಎಂದು ನಾನೂ ಉಪ್ಪು ಬಿಟ್ಟೆ. ಆದರೂ ಹಳದಿ ಏರುತ್ತಲೇ ಹೋಯಿತು. ಮೂತ್ರ ಕಡು ಟೀ ಬಣ್ಣ. ಅಂಗಿಯ ತುಂಬ ಕೆರೆದುಕೊಂಡ ರಕ್ತದ ಗೀರು. ಚಾಮರಾಜನಗರ ಜಿಲ್ಲೆಯಾಗುತ್ತದೆ, ದೊಡ್ಡಾಸ್ಪತ್ರೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಸದ್ಯಕ್ಕೆ ಜೀವ ಹೋಗುವ ಕಾಯಿಲೆಗೆ ಮೈಸೂರಿಗೇ ಓಡಬೇಕು. ಓಡಿದೆವು.

ವಾರ್ಡು. ಗ್ಲೂಕೋಸ್, ಸ್ಕ್ಯಾನ್, ಮತ್ತೆ ಮತ್ತೆ ಬ್ಲಡ್ ಟೆಸ್ಟ್. ವೈರಸ್ ಇಲ್ಲ ಎಂದರು, ಕಲ್ಲಿಲ್ಲ ಎಂದರು. ಡಾಕ್ಟರು ಸೊಪ್ಪಿನ ಮದ್ದಿಗಾಗಿ ನನ್ನನ್ನು ಬೈದು, ಇವರನ್ನು ಕೇಳಿದರು: "ಬೇರೆ ಯಾವುದಾದರೂ ಮಾತ್ರೆ? ಕುಡಿತ?"

"ಏನೂ ಇಲ್ಲ ಸಾರ್."

ರಕ್ತದೊಳಗಿನ ಹಳದಿ, ಡಾಕ್ಟರ ಮಾತಿನಲ್ಲಿ ಬಿಲಿರುಬಿನ್, ಇಳಿಯಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದರು. "ಹೀಗೇ ಏರಿದರೆ ಲಿವರ್ ಕೈಕೊಡುತ್ತಮ್ಮ. ಆಮೇಲೆ ನಮ್ಮ ಕೈಯಲ್ಲೂ ಏನಿಲ್ಲ."

ಕಾರಿಡಾರಿನ ಬೆಂಚಿನ ಮೇಲೆ ಕೂತು ಗೊತ್ತಿದ್ದ ದೇವರಿಗೆಲ್ಲ ಹರಕೆ ಕಟ್ಟಿಕೊಂಡೆ. ಆಮೇಲೆ ಅದೇ ದೇವರುಗಳನ್ನು ಬೈದೆ. ಉಸಿರು ಬಿಡದೆ ಏಳು ಜನರ ನಡುವೆ ನುಗ್ಗಿ ಬರುತ್ತಿದ್ದ ಮನುಷ್ಯ ಈಗ ಎದ್ದು ಕೂರಲು ನನ್ನ ಭುಜ ಹಿಡಿಯುತ್ತಿದ್ದರು. ನನಗೆ ವಿಪರೀತ ಭಯವಾಗಿತ್ತು.

ಮುಖ ತೊಳೆದು ಒಳಗೆ ಬಂದರೆ ಅತ್ತೆ ಮಂಚದ ಪಕ್ಕ ಹಾಲಿನ ಲೋಟ ಹಿಡಿದು ನಿಂತಿದ್ದರು. ಎಲೆಅಡಿಕೆ ಸಂಚಿಯಿಂದ ಒಂದು ಗುಲಾಬಿ ಗುಳಿಗೆ ತೆಗೆದು ಮಗನ ಬಾಯಿಗೆ ಹಾಕಿದರು. ಇವರು ನುಂಗಿದರು. ನನ್ನನ್ನು ಕಂಡು ಕಣ್ಣು ಮುಚ್ಚಿಕೊಂಡರು.

"ಅದೇನತ್ತೆ?"

"ಶಕ್ತಿ ಗುಳಿಗೆ ಕಣಮ್ಮಿ. ಆಟಕ್ಕೋಗೋರೆಲ್ಲ ತಕ್ಕತಾರಂತೆ. ವರ್ಸದಿಂದ ನಾನೇ ಕೊಡ್ತಾ ಇವ್ನಿ. ಇಷ್ಟು ಸೊರಗೋಗವ್ನೆ, ಈಗ ಬುಟ್ರೆ ಆಯ್ತದಾ?"

ಉಪ್ಪು ಬಿಟ್ಟಿದ್ದರು. ಇದನ್ನು ಬಿಟ್ಟಿರಲಿಲ್ಲ.

ಅತ್ತೆಯನ್ನು ಬಿಸಿನೀರು ತರಲು ಕಳಿಸಿ, ಮಂಚದ ಮೇಲಿದ್ದ ಸಂಚಿಯಿಂದ ಗುಳಿಗೆಗಳನ್ನು ತೆಗೆದುಕೊಂಡೆ. ಇವರು ನನ್ನ ಸೆರಗು ಹಿಡಿದರು.

"ಡಾಕ್ಟರ್‌ಗೆ ಏಳ್ಬ್ಯಾಡ ಕಣಮ್ಮಿ. ಗೊತ್ತಾದ್ರೆ ಯಾವ ಟೀಮೂ ಕರಿಯಲ್ಲ. ಗೆದ್ದಿದ್ದೆಲ್ಲ ಗುಳಿಗೇದೇ ಅಂತಾರೆ."

"ನೀವು ಸತ್ತೋದ್ರೆ ಯಾವ ಟೀಮು ಕರೀತದೆ?"

ಗೋಡೆಯ ಕಡೆ ತಿರುಗಿ ಅತ್ತರು. "ಅವ್ವುನ್ಗೆ ಮಾತ್ರ ಗೊತ್ತಾಗ್ಬಾರ್ದು. ನಾನೇ ಕೈಯಾರೆ ಕೊಟ್ನಲ್ಲಾ ಅಂತ ಎದೆ ಒಡ್ಕತಾಳೆ."

ಡಾಕ್ಟರು ಗುಳಿಗೆಯನ್ನು ತಿರುಗಿಸಿ ನೋಡಿದರು. "ಸ್ಟೆರಾಯ್ಡ್. ಮೈ ಹುರಿಗಟ್ಟಿಸುತ್ತೆ, ಲಿವರ್ ಸುಡುತ್ತೆ. ಇನ್ನು ಒಂದೂ ಹೊಟ್ಟೆಗೆ ಹೋಗಕೂಡದು. ಮಿಕ್ಕಿದ್ದು ಕಾದು ನೋಡೋಣ." ಇವರು ಆಮೇಲೆ ಬಾಯಿಬಿಟ್ಟರು. ಟೀಮಿನ ಹಿರಿಯ ಆಟಗಾರನೊಬ್ಬ ತಂದುಕೊಡುತ್ತಿದ್ದನಂತೆ. ಅವನೂ ನುಂಗುತ್ತಿದ್ದನಂತೆ, ಅವನಿಗೆ ಏನೂ ಆಗಿಲ್ಲವಂತೆ.

ಕಾದೆವು. ಬಿಲಿರುಬಿನ್ ಮೊದಲು ಏರುವುದನ್ನು ನಿಲ್ಲಿಸಿತು. ಆಮೇಲೆ ನಿಧಾನಕ್ಕೆ, ನಮ್ಮ ಜೀವ ಹಿಂಡುತ್ತಾ, ಇಳಿಯಿತು.

ಈಗ ಮನೆಯಲ್ಲಿದ್ದೇವೆ. ಮದುವೆಯ ಅಂಗಿ ಮೈಮೇಲೆ ಜೋತಾಡುತ್ತದೆ. ಲಿವರ್ ಪೂರ್ತಿ ಸರಿಹೋಗುತ್ತದೆ ಎಂದು ಡಾಕ್ಟರೂ ಹೇಳಿಲ್ಲ. ಟೀಮಿನವರು ಯಾರೂ ಇತ್ತ ತಲೆ ಹಾಕಿಲ್ಲ. ಉಸಿರಾಡುತ್ತಿದ್ದಾರಲ್ಲ, ನನಗೆ ಅಷ್ಟು ಸಾಕು.

ಅತ್ತೆಗೆ ಹೇಳಿರುವುದು ಇಷ್ಟೇ: ಗುಳಿಗೆಗಳನ್ನು ನಾನು ಎಸೆದೆ. ಬಂದವರ ಮುಂದೆಲ್ಲ ಹಲುಬುತ್ತಾರೆ. "ಎಂಗಿದ್ದ ನನ್ ಮಗ! ಇವ್ಳು ಶಕ್ತಿ ಗುಳಿಗೆ ಎಸ್ದು ಸೊರಗಿಸ್ಬುಟ್ಲು." ಇವರು ತಲೆ ತಗ್ಗಿಸುತ್ತಾರೆ. ನಾನು ಬಂದವರಿಗೆ ಕಾಫಿ ಕೊಡುತ್ತೇನೆ.

ಸಂಜೆ ಅತ್ತೆ ಈಗಲೂ ಹಾಲು ಕಾಯಿಸಿ ಕೊಡುತ್ತಾರೆ. ಇವರು ಕುಡಿದು ಮುಗಿಸುವವರೆಗೂ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

"ಅದೇನಮ್ಮಿ ಕಾಯ್ತಾ ನಿಂತಿದ್ದೈ?"

"ಲೋಟ ತೊಳೀಬೇಕಲ್ಲತ್ತೆ" ಎನ್ನುತ್ತೇನೆ.