ಆಚೆ ಕ್ಷೇತ್ರದ ಸಾವಿಗೊಂದು ಹಾರ

ಸುಗಂಧರಾಜದ ವಾಸನೆ ಬೇಗ ಅಂಗಡಿ ಬಿಟ್ಟು ಹೋಗುವುದಿಲ್ಲ. ಮೊನ್ನೆ ಬೆಳಿಗ್ಗೆ ಕಟ್ಟಿ, ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ ಇಟ್ಟಿದ್ದ ಹಾರ ಒಂದು ಹಾಗೇ ಉಳಿದುಬಿಟ್ಟಿತು. ಕಟ್ಟಲು ಹೇಳಿದ್ದವನೇ ಫೋನ್ ಮಾಡಿದ.

"ಅಕ್ಕಾ, ಆ ಹಾರ ಬ್ಯಾಡ ಬುಡು. ಆ ಊರು ಈ ಸಾರಿ ನಮ್ ಕ್ಷೇತ್ರ ಬುಟ್ಟು ಹೋಯ್ತದಂತೆ. ಸಾಹೇಬ್ರು ಮಣ್ಣಿಗೆ ಬರಾಕಿಲ್ಲ."

ಕ್ಷೇತ್ರಗಳ ಗಡಿಯನ್ನು ಮತ್ತೆ ಬದಲಾಯಿಸುತ್ತಾರೆಂಬ ಮಾತು ಈಗ ಎಲ್ಲ ಕಡೆ ಇದೆ. ಇನ್ನೂ ಗೆರೆ ಎಳೆದಿಲ್ಲ, ಆಗಲೇ ಒಂದು ಹೆಣ ಇವರಿಗೆ ಬೇಡವಾಯಿತು. ಥೂ ನಿಮ್ಮ, ಎಂದುಕೊಂಡೆ ಅಷ್ಟೆ. ಬಾಯಿಬಿಟ್ಟು ಬೈಯುವ ಕಸುವು ಈಗ ಉಳಿದಿಲ್ಲ.

ಬಿಳಿಕೆರೆಯಲ್ಲಿ ರಸ್ತೆ ಬದಿಗೆ ನನ್ನದೊಂದು ಹೂವಿನ ಅಂಗಡಿ. ಸನ್ಮಾನದ ಹಾರಕ್ಕೆ ಜರಿ ಸುತ್ತಿ ಗುಲಾಬಿ ಕೂರಿಸುತ್ತೇನೆ. ಸಾವಿನ ಹಾರಕ್ಕೆ ಜರಿ ಇಲ್ಲ. ಹೆಣಕ್ಕೆಂದು ಕಟ್ಟಿದ್ದನ್ನು ದೇವರಿಗೆ ಕೊಡುವಂತಿಲ್ಲ, ಮದುವೆಗೆ ಮಾರುವಂತಿಲ್ಲ, ಅದು ಸತ್ತವರದ್ದೇ. ಫೋನ್ ಮಾಡಿದವನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಈಗ ಅವನು ಪಕ್ಕದ ಕ್ಷೇತ್ರದ ಶಾಸಕರ ಹಿಂದೆ ಓಡಾಡುತ್ತಾನೆ. ಹಿಂದೆ ಅವನ ಅಕ್ಕನ ಗಂಡನೇ ನಮ್ಮ ಕಡೆಯ ಎಮ್ಮೆಲ್ಲೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರಷ್ಟು ಸಾವಿನ ಹಾರ ನನ್ನಲ್ಲಿ ಕೊಂಡವರು ಇನ್ನೊಬ್ಬರಿಲ್ಲ.

ಮದುವೆಗೆ ತಪ್ಪಿಸಿಕೊಂಡರೆ ಜನ ಮರೆಯುತ್ತಾರೆ, ಮಣ್ಣಿಗೆ ತಪ್ಪಿಸಿಕೊಂಡರೆ ಮರೆಯುವುದಿಲ್ಲ ಎಂಬುದು ಅಣ್ಣನ ಲೆಕ್ಕ. ಹೊಗೆಸೊಪ್ಪಿನ ಗೌಡರ ಮನೆಯಾಗಲಿ, ಕೂಲಿಯವರ ಗುಡಿಸಲಾಗಲಿ, ಹೆಣ ಎತ್ತುವ ಮುಂಚೆ ಅವರ ಬಿಳಿ ಜೀಪು ಅಲ್ಲಿರುತ್ತಿತ್ತು. ಹಾಗೆಂದು ದೇವರಂಥ ಮನುಷ್ಯ ಎಂದು ನಾನೇನೂ ಹೇಳುವುದಿಲ್ಲ. ನನ್ನ ಅಂಗಡಿ ಮುಂದಿನ ಚರಂಡಿ ಮಾಡಿಸುತ್ತೇನೆಂದು ಪ್ರತಿ ಎಲೆಕ್ಷನ್ನಿಗೂ ಹೇಳಿದರು, ಒಂದು ಸಲವೂ ಮಾಡಿಸಲಿಲ್ಲ. "ಅಣ್ಣಾ, ಚರಂಡಿ?" ಎಂದು ನಾನು ಕೆಣಕುವುದು, "ಆಯ್ತದೆ ಬುಡು ತಾಯಿ" ಎಂದು ಅವರು ನಗುವುದು... ವರ್ಷಗಟ್ಟಲೆ ಹೀಗೇ ನಡೆಯಿತು.

ಆಮೇಲೆ ಗಡಿ ಬದಲಾಯಿತು. ಕಣ್ಣು ಮುಚ್ಚಿಕೊಂಡು ಅವರಿಗೆ ಓಟು ಹಾಕುತ್ತಿದ್ದ ಕೆರೆಯಾಚೆಯ ಊರುಗಳು ಪಕ್ಕದ ಕ್ಷೇತ್ರಕ್ಕೆ ಹೋದವು. ಪಿರಿಯಾಪಟ್ಟಣದ ಕಡೆಯಿಂದ, ಅವರ ಮುಖವನ್ನೇ ಸರಿಯಾಗಿ ಕಾಣದ ಒಂದಷ್ಟು ಊರುಗಳು ಬಂದು ಸೇರಿದವು. ಹುಣಸೂರಿನ ಹೋಟೆಲಿನಲ್ಲಿ, ಕೆ.ಆರ್. ನಗರದ ಬಸ್ಸಿನಲ್ಲಿ, ಎಚ್.ಡಿ. ಕೋಟೆಯಿಂದ ಹೂವಿಗೆ ಬರುವವರ ಬಾಯಲ್ಲಿ, ಎಲ್ಲೆಲ್ಲೂ ಅದೇ ಮಾತು. ಯಾವ ಊರು ಯಾರ ಪಾಲಿಗೆ, ಯಾವ ಕ್ಷೇತ್ರ ಮೀಸಲು, ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಮನೆಯಲ್ಲಿ ಕೂರುತ್ತಾರೆ... ಗೆದ್ದು ಕೂತಿದ್ದವರಿಗೂ ಟಿಕೇಟು ಖಾತ್ರಿಯಿರಲಿಲ್ಲ. ಅಣ್ಣನಿಗೆ ಇನ್ನೊಂದು ಸಲ ನಿಲ್ಲುವ ಆಸೆ ಬಹಳವಿತ್ತು. "ಇದೊಂದ್ ಸಾರಿ ಕಣಮ್ಮ, ಆಮ್ಯಾಕೆ ನಾನೇ ಬುಟ್ಬುಡ್ತೀನಿ" ಎನ್ನುತ್ತಿದ್ದರು. ಹೊಸ ಊರುಗಳ ಸಾವುಗಳಿಗೆಲ್ಲ ಹಾರ ಒಯ್ದರು. ಅಲ್ಲಿ ಯಾರೂ ಗುರುತು ಹಿಡಿಯುವುದಿಲ್ಲವೆಂದು ಬೇಜಾರು ಮಾಡಿಕೊಳ್ಳುತ್ತಿದ್ದರು.

ಟಿಕೇಟು ಇನ್ನೇನು ಹೇಳುತ್ತಾರೆ ಎನ್ನುವಾಗ ಒಂದೇ ದಿನ ಎರಡು ಸಾವು ಬಂದವು. ಒಂದು, ಹೊಸದಾಗಿ ಸೇರಿದ ಊರಿನಲ್ಲಿ. ಪಕ್ಷದ ದೊಡ್ಡ ಮುಖಂಡರ ತಂದೆ. ಇನ್ನೊಂದು ಕೆರೆಯಾಚೆ, ಕೈಬಿಟ್ಟುಹೋಗಿದ್ದ ಊರಿನಲ್ಲಿ. ಅಣ್ಣನ ಮೊದಲ ಎಲೆಕ್ಷನ್ನಿಗೆ ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಊರೂರು ಸುತ್ತಿ ಕೂಗಿದ್ದ ಕೂಲಿಯವನು. ಎರಡು ಕಡೆಯೂ ಮಧ್ಯಾಹ್ನಕ್ಕೇ ಎತ್ತುತ್ತಾರೆಂದು ಸುದ್ದಿ. ಎರಡು ಹಾರವನ್ನೂ ಕಟ್ಟಿಸಿಕೊಂಡು ಅಣ್ಣ ಅಂಗಡಿ ಮುಂದೆ ನಿಂತೇ ಇದ್ದರು. ಅವರು ಮೈಕಿನವನ ಹೆಸರು ಹೇಳುತ್ತಿದ್ದಂತೆ ಭಾವಮೈದನಿಗೆ, ಅಂದರೆ ಮೊನ್ನೆ ಫೋನ್ ಮಾಡಿದವನಿಗೆ, ರೇಗಿತು.

"ಬಾವ, ಆ ಊರು ಈಗ ನಮ್ದಲ್ಲ. ಅಲ್ಲಿಂದ ಒಂದ್ ಓಟೂ ಬೀಳಾಕಿಲ್ಲ. ಇತ್ಲಾಗೆ ಟಿಕೇಟ್ ಕೊಡೋರೆಲ್ಲಾ ಬಂದು ಕುಂತವ್ರೆ. ತಲೆ ಕೆಟ್ಟದಾ ನಿಮ್ಗೆ?"

ಅಣ್ಣ ಒಮ್ಮೆ ಜೀಪು ಹತ್ತಿ ಪಿರಿಯಾಪಟ್ಟಣದ ಕಡೆಗೇ ಹೊರಟರು. ನಾಲ್ಕು ಮಾರು ಹೋಗಿ ನಿಲ್ಲಿಸಿ, ಇಳಿದು ಬಂದರು.

"ನೀನು ಆ ದೊಡ್ಡೋರ ಮನೆ ಕಡೀಕೆ ಹೋಗಿ ನನ್ನ ಹೆಸರ್ನಾಗೆ ಹಾಕ್ಬುಡ್ಲಾ. ಇವನು ಗಂಟ್ಲು ಹರ್ಕೊಂಡು ಕೂಗ್ದೋನು ಕಣ. ನಾ ಹೋಗ್ದೇ ಇದ್ರೆ ನಂಗೆ ಅನ್ನ ಇಳಿಯಾಕಿಲ್ಲ."

ಭಾವಮೈದ ಗೊಣಗುತ್ತಾ ಜೀಪು ತೆಗೆದುಕೊಂಡು ಹೋದ. ಅಣ್ಣ ಯಾರದೋ ಬೈಕಿನ ಹಿಂದೆ ಕೂತು, ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕೆರೆಯಾಚೆ ಹೊರಟರು. ಸಂಜೆ ಬಂದು ನನ್ನ ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. "ಅವ್ನ ಎಂಡ್ರು ನನ್ನ ನೋಡಿ, 'ಇನ್ ಮ್ಯಾಕೆ ನೀವು ಬರಾಕಿಲ್ಲ ಅಂದಿದ್ರು ಎಲ್ಲಾ, ಬಂದ್ರಲ್ಲ ಬುದ್ಧೀ' ಅಂತ ಅತ್ಲು ಕಣಮ್ಮ" ಎಂದರು.

ಟಿಕೇಟು ಸಿಗಲಿಲ್ಲ. ದೊಡ್ಡ ಸಾವಿನ ಮನೆಯಲ್ಲಿ ಬೆಳಗಿನಿಂದ ಬಂದವರಿಗೆಲ್ಲ ನೀರು ಕೊಡುತ್ತಾ ನಿಂತಿದ್ದನಂತೆ ಒಬ್ಬ, ಅವನಿಗೇ ಕೊಟ್ಟರು. ಹೊಸ ಊರುಗಳೆಂದರೆ ಅಣ್ಣನಿಗೆ ತಾತ್ಸಾರ ಎಂದು ಮಾತು ಹಬ್ಬಿಸಿದರು. ಆ ದಿನ ಅಲ್ಲಿಗೇ ಹೋಗಿದ್ದರೂ ಸಿಗುತ್ತಿತ್ತೋ ಇಲ್ಲವೋ... ಯಾರಿಗೆ ಗೊತ್ತು. ಮನಸ್ಸು ಮೊದಲೇ ಮಾಡಿದವರಿಗೆ ಒಂದು ನೆಪ ಸಾಕು.

ಒಂದು ದಿನ ಬೆಳಿಗ್ಗೆ ಪೇಪರು ಮಡಚಿ ಹಿಡಿದುಕೊಂಡು ಬಂದರು. "ನಾನು ರಿಟೈರ್ ಆಗಿವ್ನಂತೆ ಕಣಮ್ಮ. ವಯಸ್ಸಾಯ್ತು, ಸಾಕು ಅಂದ್ನಂತೆ. ಪೇಪರ್ ನೋಡಿದ್ ಮ್ಯಾಲೆ ನಂಗೂ ಗೊತ್ತಾಯ್ತು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಚರಂಡಿ ಎಂದು ಕೆಣಕೋಣವೆಂದರೆ ಅದಕ್ಕೂ ಬಾಯಿ ಬರಲಿಲ್ಲ.

ಭಾವಮೈದ ಚುನಾವಣೆ ಮುಗಿಯುವ ಮೊದಲೇ ಬೇರೆಯವರ ಜೀಪು ಹತ್ತಿದ್ದ. ಅಣ್ಣ ಮಾತ್ರ ಆಮೇಲೂ ಬಸ್ಸಿಗೆ ಬಂದು ಹಾರ ಕೊಳ್ಳುತ್ತಿದ್ದರು, ಆಚೆಗೂ ಈಚೆಗೂ. ಬಸ್ಸಿನಲ್ಲಿ ಮೊದಮೊದಲು ಜನ ಎದ್ದು ಜಾಗ ಕೊಟ್ಟರು. ಬರುಬರುತ್ತಾ ಕೊಡಲಿಲ್ಲ. ಮಂಡಿನೋವು ಜಾಸ್ತಿಯಾದ ಮೇಲೆ ಹಾರ ಹಿಡಿದು ನಿಂತುಕೊಂಡು ಹೋಗುವುದನ್ನು ನೋಡಲು ನನಗೇ ಸಂಕಟವಾಗುತ್ತಿತ್ತು. "ಸಾಕು ಬುಡಿ ಅಣ್ಣ" ಎಂದರೆ, "ಇನ್ನೇನ್ ಕೆಲ್ಸ ಐತೆ ತಾಯಿ ನಂಗೆ" ಎನ್ನುತ್ತಿದ್ದರು.

ಅವರು ಹೋದ ದಿನ ಕಾರುಗಳು ಸಾಲಾಗಿ ಬಂದವು. ಕಟ್ಟಿದ ಹಾರ ಸಾಲದೆ ಮೈಸೂರಿನಿಂದ ಹೂವು ತರಿಸಿದೆ. ಹಾರ ಹಾಕಿ, ಫೋಟೋ ತೆಗೆಸಿಕೊಂಡು ಎಲ್ಲರೂ ಹೊರಟುಹೋದರು. ಕೆರೆಯಾಚೆಯಿಂದ ಮೈಕಿನವನ ಹೆಂಡತಿ ನಡೆದುಕೊಂಡು ಬಂದಿದ್ದಳು. ಗುಂಡಿಗೆ ಮಣ್ಣು ಎಳೆಯುವವರೆಗೂ ಅಲ್ಲೇ ಕೂತಿದ್ದಳು.

ಮೊನ್ನೆ ತೀರಿಕೊಂಡವಳು ಅವಳೇ. ಬೇಡವೆಂದ ಹಾರ ಅವಳಿಗೆಂದು ಕಟ್ಟಿದ್ದು.

ಎಷ್ಟು ಹೊತ್ತು ನೋಡುತ್ತಾ ಕೂರಲಿ? ಬಾಗಿಲೆಳೆದು, ಬಾಳೆ ಎಲೆಯಲ್ಲಿ ಹಾರ ಸುತ್ತಿಕೊಂಡು, ಆಟೋ ಹಿಡಿದು ಹೋದೆ. ಮನೆ ಮುಂದೆ ಜನ ಕಡಿಮೆ. ಅವಳ ಸೊಸೆ ಎದ್ದು ಬಂದಳು.

"ಯಾರ ಕಡಿಂದ ಬಂದ್ರವ್ವಾ?"

"ಎಮ್ಮೆಲ್ಲೆ ಕಡಿಂದ" ಎಂದೆ. ಬಾಯಿಗೆ ಅದೇ ಬಂತು.

"ಈಗಿನೋರಾ?"

"ಅಲ್ಲ ಕಣವ್ವ. ನಮ್ಮ ಅಣ್ಣಾರು."

"ಅವ್ರು ಹೋಗಿ ಎಷ್ಟ್ ಕಾಲ ಆಯ್ತಲ್ಲವ್ವಾ..." ಎನ್ನುತ್ತಲೇ ಅವಳು ಪಕ್ಕಕ್ಕೆ ಸರಿದು, ನನಗೆ ದಾರಿ ಬಿಟ್ಟಳು. ಹಾರ ಹಾಕಲು ಬಗ್ಗಿದಾಗ, ಅಣ್ಣ ಹೋದ ದಿನ ಹೂವು ಕಟ್ಟುವ ಗಡಿಬಿಡಿಯಲ್ಲಿ ಬಾರದಿದ್ದ ಅಳು ಬಂತು. ಆ ಮುದುಕಿಯ ಮೇಲೆ ಬೇರೆ ಯಾರ ಹಾರವೂ ಇರಲಿಲ್ಲ.