ಗಂಜಿ ಕೇಂದ್ರದ ಒಕ್ಕಲು

ಅತ್ತೆ ಒಳಗೆ ಹೋದದ್ದು ಹಾಲು ಉಕ್ಕುವ ಮೊದಲೋ, ಆಮೇಲೋ? ನನ್ನ ಡೈರಿಯಲ್ಲಿ ‘ಮೊದಲು’ ಎಂದಿದೆ. ಆದರೆ ಅದನ್ನು ಬರೆದದ್ದು ಅದೇ ಸಂಜೆ, ನಗು ಇನ್ನೂ ನಿಲ್ಲದೆ ಅಕ್ಷರ ಸೊಟ್ಟಗಾಗುತ್ತಿದ್ದಾಗ. ಅದನ್ನೂ ಪೂರ್ತಿ ನಂಬಲಾರೆ.

ಅತ್ತೆ ಎಂದರೆ ಅಪ್ಪನ ಅಕ್ಕ, ಕಡಲ ದಂಡೆಯ ಬೀಜಾಡಿಯ ನಮ್ಮ ಮನೆಯಲ್ಲೇ ಇರುವವಳು. ಹೋದ ವರ್ಷ ಗಾಳಿಗೆ ಅರ್ಧ ಹೆಂಚು ಹಾರಿದಾಗ ನಾವೆಲ್ಲ ಗಂಜಿ ಕೇಂದ್ರಕ್ಕೆ ಓಡಿದೆವು. ಅವಳು ಮಂಚದಡಿ ಕೂತಳೇ ಹೊರತು ಬರಲಿಲ್ಲ. ಅವಳು ಬರಲಿಲ್ಲವೆಂದು ಕೇರಿಯ ಅರ್ಧ ಹೆಂಗಸರೂ ಬರಲಿಲ್ಲ. ಅಷ್ಟು ಹೊತ್ತೂ ನನ್ನ ಜೀವ ಬಾಯಿಗೆ ಬಂದಿತ್ತು.

ಈ ಸಲ ಕೇಂದ್ರವನ್ನು ಗಟ್ಟಿ ಮಾಡಿದರು. ತಗಡಿನ ಸೂರು ತೆಗೆದು ಕಾಂಕ್ರೀಟಿನ ಮಾಡು ಹಾಕಿದರು. ಕಿಟಕಿಗಳಿಗೆ ಕಬ್ಬಿಣದ ಶಟರ್, ಹೆಂಗಸರಿಗೆ ಒಳಗೇ ಕಕ್ಕಸು, ಮುದುಕರಿಗೆ ಇಳಿಜಾರು ದಾರಿ, ಮೇಲೊಂದು ಸೈರನ್. ಉದ್ಘಾಟನೆಯೂ ಆಯಿತು. ಅತ್ತೆ ಮಾತ್ರ ಬಾಗಿಲ ತನಕ ಬಂದು ನಿಂತುಬಿಟ್ಟಳು.

“ಒಕ್ಕಲ್ ಆಗ್ದಿದ್ ಮನಿಯಗೆ ನಾ ಮನ್ಕಂತಿಲ್ಲೆ.”

ನಮ್ಮ ಕಡೆ ಹೊಸ ಮನೆಗೆ ಒಕ್ಕಲು, ಎಂದರೆ ಗೃಹಪ್ರವೇಶ, ಆಗಬೇಕು. ಹಾಲು ಉಕ್ಕಿ ಒಲೆಗೆ ಚೆಲ್ಲಬೇಕು. ಘಟ್ಟದ ಮೇಲಿನಿಂದ ಬಂದಿದ್ದ ಇಂಜಿನಿಯರಿಗೆ ಇದು ತಿಳಿಯದು. “ಅಮ್ಮಾ, ರಿಬ್ಬನ್ ಕಟ್ ಮಾಡಿ ಆಯ್ತಲ್ಲ?” ಎಂದ.

“ರಿಬ್ಬನ್ ಕತ್ರಿಸಿರೆ ಒಕ್ಕಲ್ ಆತ್ತಾ ಮಾರಾಯ್ರೇ? ನಿಮ್ ಮನಿ ಒಕ್ಕಲಿಗೂ ಕತ್ತರಿ ತಕಂಡ್ ಹೋಯಿದ್ರ್ಯಾ?”

ಹಿಂದೆ ನಿಂತ ಹೆಂಗಸರೆಲ್ಲ ತಲೆಯಾಡಿಸಿದರು. ಟಿವಿಯಲ್ಲಿ ಆಗಲೇ ವಾಯುಭಾರ ಕುಸಿತದ ಸುದ್ದಿ. ಸರಿ, ಒಕ್ಕಲು ಮಾಡಿಯೇ ಬಿಡುವುದೆಂದಾಯಿತು. ಆದರೆ ಈ ಮನೆಯ ಯಜಮಾನ ಯಾರು? ಇಂಜಿನಿಯರನ್ನೇ ಕೂರಿಸುವ ಎಂದು ಯಾರೋ ಅಂದರು.

“ಮದಿ ಆಗ್ದಿದ್ ಗಂಡಿಗೆ ಎಂತ ಒಕ್ಕಲ್?” ಎಂದಳು ಪಕ್ಕದ ಮನೆಯ ಅಕ್ಕ. ಮದುವೆಯ ಮಾತಿಗೆ ಅವನ ಕಿವಿ ಕೆಂಪಾಯಿತು. ಕೊನೆಗೆ ಅಕ್ಕನೇ ಗ್ಯಾಸ್ ಒಲೆ ಹಚ್ಚಿ ಹಾಲಿಟ್ಟಳು. ಅತ್ತೆ ಹೊರಗೆ ಕೈಕಟ್ಟಿ ನಿಂತಳು. ಉಕ್ಕಿದ ಮೇಲೇ ಒಳಗೆ, ಅದಕ್ಕೂ ಮೊದಲಿಲ್ಲ.

ಕಡಲ ಗಾಳಿಗೆ ಒಲೆ ಎರಡು ಸಲ ಆರಿತು. ಇಂಜಿನಿಯರಿಗೆ ಹುರುಪು ಬಂತು. “ಶಟರ್ ಹಾಕಿ ನೋಡಿ!” ಹಾಕಿದರು. ಒಂದೆಳೆ ಗಾಳಿಯೂ ನುಸುಳಲಿಲ್ಲ, ಬೆಳಕೂ ಇಲ್ಲ. ಅಕ್ಕ ಗೋಡೆ ತಡವಿ, ದೀಪದ್ದೆಂದು ಒಂದು ಸ್ವಿಚ್ಚು ಒತ್ತಿದಳು.

ಸೈರನ್ ಕೂಗಿತು.

ಒಳಗಿದ್ದವರು ಕಡಲೇ ಬಂತೆಂದು ಹೊರಗೆ ಓಡಿದರು. ಮನೆಗಳಲ್ಲಿದ್ದವರು, ಸೈರನ್ ಕೇಳಿದರೆ ಹೀಗೇ ಬರಬೇಕೆಂದು ಕಲಿಸಿದ್ದರಿಂದ, ಗಂಟುಮೂಟೆ ಸಮೇತ ಒಳಗೆ ಓಡಿಬಂದರು. ಒಬ್ಬರ ಕಂಕುಳಲ್ಲಿ ಕೋಳಿ, ಇನ್ನೊಬ್ಬರ ಅರ್ಧ ಮುಖದಲ್ಲಿ ಶೇವಿಂಗ್ ನೊರೆ. ಎರಡೂ ದಂಡು ಇಳಿಜಾರಿನಲ್ಲಿ ಡಿಕ್ಕಿ ಹೊಡೆದವು. ನೊರೆ ಕೋಳಿಗೆ ಮೆತ್ತಿತು. ಇಂಜಿನಿಯರು ಬರುವವರಿಗೆ “ಏನಿಲ್ಲ, ಏನಿಲ್ಲ!” ಎಂದೂ ಹೋಗುವವರಿಗೆ “ಒಳಗೆ, ಒಳಗೆ!” ಎಂದೂ ಕೂಗುತ್ತಿದ್ದ. ನಾನು ಹೊರಗೆ ನೆಲದ ಮೇಲೆ ಕೂತು ನಗುತ್ತಿದ್ದೆ. ಸಾಕ್ಷಿ ಹೇಳಲು ಅದು ಒಳ್ಳೆಯ ಜಾಗವಲ್ಲ, ಗೊತ್ತು.

ಆಗ ಅತ್ತೆಯ ದನಿ ಕೇಳಿತು: “ಹ್ವಾಯ್, ಹಾಲ್! ಹಾಲ್ ಕಾಂಬರ್ ಯಾರೂ ಇಲ್ಯಾ?”

ಜನರನ್ನು ಮೊಣಕೈಯಿಂದ ತಳ್ಳಿ ಅವಳು ಒಳಗೆ ನುಗ್ಗಿದಳು. ನಾವು ತಲುಪುವಾಗ ಹಾಲು ನೆಲದ ತನಕ ಹರಿದಿತ್ತು. ಅತ್ತೆ ಗ್ಯಾಸ್ ಆರಿಸಿ, ಸೆರಗಲ್ಲಿ ಪಾತ್ರೆ ಹಿಡಿದು ನಿಂತಿದ್ದಳು.

“ಅತ್ತೆ, ಒಕ್ಕಲ್ ಆಪುಕ್ ಮುಂಚೆಯೇ ಒಳ್ಗ್ ಬಂದ್ರ್ಯಲೆ!” ಅಕ್ಕ ಕೆಣಕಿದಳು.

“ನಾ ಹೊಸ್ಲ್ ದಾಟುದೂ ಅದ್ ಉಕ್ಕುದೂ ಸಮ ಆಯ್ತ್. ನೀ ಸುಮ್ನಿರ್, ಸ್ವಿಚ್ ಒತ್ತುಕ್ ಬತ್ತಿಲ್ಲೆ ನಿಂಗೆ.”

ಆಮೇಲೆ ಅವಳು ಕಕ್ಕಸಿನ ಚಿಲಕವನ್ನು ಮೂರು ಸಲ ಹಾಕಿ ತೆಗೆದು ನೋಡಿದಳು. ಗಾಳಿ ಎದ್ದಾಗ ಬರುತ್ತಾಳೋ ಇಲ್ಲವೋ ನನಗೆ ಆಗಲೂ ಗೊತ್ತಾಗಲಿಲ್ಲ.

ನಾಲ್ಕು ದಿನದಲ್ಲಿ ಬಿರುಗಾಳಿ ಬಂತು, ನಡುಮಧ್ಯಾಹ್ನ. ಸೈರನ್ ಕೇಳಿ ಅತ್ತೆಯನ್ನು ಎಳೆದೊಯ್ಯಲು ಮಂಚದಡಿ ಬಗ್ಗಿದೆ. ಯಾರೂ ಇಲ್ಲ. ಮಳೆಯಲ್ಲಿ ಬಿದ್ದು ಎದ್ದು ಕೇಂದ್ರಕ್ಕೆ ಓಡಿದರೆ, ಕೇರಿಯ ಹೆಂಗಸರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಹೊಸ್ತಿಲ ಒಳಗೆ ಗೋಣಿ ಹಾಸಿ ನಿಂತು ಅತ್ತೆ ಒಬ್ಬೊಬ್ಬರನ್ನೇ ತಡೆಯುತ್ತಿದ್ದಳು.

“ಕಾಲ್ ಒರ್ಸ್ಕಂಡ್ ಬನ್ನಿ. ಮನಿ ಅಲ್ದಾ ಇದ್?”