ರುಮಾಲಿಗೆ ಸವಾಲಿಲ್ಲ

ಬೀದರಿನಲ್ಲಿ ನಾನು ದಿನಾ ಸಂಜೆ ಚಹಾ ಕುಡಿಯುವ ಹೋಟೆಲೊಂದಿದೆ. ಚಹಾ ಅಷ್ಟಕ್ಕಷ್ಟೇ, ಮಾತು ಮಾತ್ರ ಕಡಕ್. ಮೊನ್ನೆ ಕಮಲನಗರದ ಕಡೆಯ ರೈತ ಮಾಣಿಕರಾವ್ ಬಂದು ನನ್ನೆದುರು ಕೂತರು. ತಲೆಯ ರುಮಾಲನ್ನು ಸುತ್ತು ಕೆಡದ ಹಾಗೆ ಎತ್ತಿ ಮೇಜಿನ ಮೇಲಿಟ್ಟರು. ಗಂಜಿ, ಬೆವರು, ಕೊಬ್ಬರಿ ಎಣ್ಣೆ ಮೂರೂ ಕಲೆತ, ನಮ್ಮೂರ ಚಾವಡಿಯ ಆ ಹಳೆಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಚಹಾ ಮರೆತೆ.

ಗೋಡೆಯ ಟಿವಿಯಲ್ಲಿ ದೂರದ ಯಾವುದೋ ದೇಶದ ಮಾಜಿ ಅಧ್ಯಕ್ಷನನ್ನು ತೋರಿಸುತ್ತಿದ್ದರು. ಗದ್ದುಗೆಯಲ್ಲಿದ್ದಾಗ ಜನರನ್ನು ಕೊಲ್ಲಿಸಿದನೆಂಬ ಆರೋಪ. ಈಗ ಪರದೇಶದ ನ್ಯಾಯಾಲಯದಲ್ಲಿ ಕೂಡಿಸಿದ್ದರು.

"ಖುರ್ಚಿ ಮ್ಯಾಗ ಇದ್ದಾಗ ಮಾಡಿದ್ದಕ್ಕ ಇಳಿದ ಮ್ಯಾಗ ಹಿಡೀತಾರೇನ್ರಿ ಮಾಸ್ತರ್?" ಎಂದರು ಮಾಣಿಕರಾವ್.

"ಹಿಡೀಬಹುದ್ರಿ. ಹಿಡಿಯೋರು ಬೇಕು, ಅಷ್ಟೆ."

"ಅದೆಲ್ಲಾ ಸೋತವರಿಗಿ ಕಾನೂನು ಬಿಡ್ರಿ. ಗೆದ್ದವರಿಗಿ ಹಾರ."

ಈ ಮಾತನ್ನು ತೆಗೆದುಹಾಕುವುದು ಸುಲಭವಲ್ಲ. ನಾನು ಕಾನೂನು ಓದಿದವನಲ್ಲ, ಪತ್ರಿಕೆ ಓದಿದವನು. ಆದರೂ ಇಷ್ಟು ತಿಳಿದಿದೆ. ಗದ್ದುಗೆಯ ಮೇಲಿರುವವನನ್ನು ಬೇರೆ ದೇಶದ ಕೋರ್ಟುಗಳು ಮುಟ್ಟುವುದಿಲ್ಲ. ಇಳಿದ ಮೇಲೆ ಅವನು ಹೇಳುತ್ತಾನೆ: "ಅದು ನಾನು ಮಾಡಿದ್ದಲ್ಲ, ನನ್ನ ಪದವಿ ಮಾಡಿದ್ದು." ಯುದ್ಧದ ಅಪರಾಧ, ಸಾಮೂಹಿಕ ಕೊಲೆಗಳಿಗೆಂದೇ ಹೇಗ್ ಪಟ್ಟಣದಲ್ಲಿ ಕಟ್ಟಿರುವ ನ್ಯಾಯಾಲಯದಲ್ಲಿ ಮಾತ್ರ ಈ ನೆಪ ನಡೆಯುವುದಿಲ್ಲ. ಅಲ್ಲಿ ಸಿಪಾಯಿಯೂ ಒಂದೇ, ಅಧ್ಯಕ್ಷನೂ ಒಂದೇ. ಎಷ್ಟು ವರ್ಷ ಕಳೆದರೂ ಅಪರಾಧ ಹಳತಾಗುವುದಿಲ್ಲ. ಆದರೆ ಆ ನ್ಯಾಯಾಲಯಕ್ಕೆ ಸ್ವಂತ ಪೊಲೀಸರಿಲ್ಲ. ಆರೋಪಿ ಯಾರ ಅಂಗಳದಲ್ಲಿ ಕೂತಿದ್ದಾನೋ ಆ ಮನೆಯವರೇ ಕೈಹಿಡಿದು ಕಳಿಸಬೇಕು. ಕೆಲವು ದೇಶಗಳಂತೂ ಆ ಕೋರ್ಟನ್ನೇ ಒಪ್ಪಿಲ್ಲ.

ಇದೆಲ್ಲ ಪತ್ರಿಕೆಯಲ್ಲಿ ಬರುವುದಕ್ಕೆ ಎಷ್ಟೋ ಮೊದಲು ನಾನು ಠಾಣಾ ಕುಶನೂರಿನ ಆಚೆಗಿನ ನಮ್ಮೂರ ಚಾವಡಿಯಲ್ಲಿ ಕಣ್ಣಾರೆ ಕಂಡಿದ್ದೆ ಎಂದರೆ ನೀವು ನಗುತ್ತೀರಿ. ನಗಿರಿ, ಆದರೆ ಕೇಳಿ.

ನಮ್ಮೂರಲ್ಲಿ ಒಂದು ರೂಢಿಯಿತ್ತು. ಪಾಟೀಲರು ಚಾವಡಿಯಲ್ಲಿ ರುಮಾಲು ಸುತ್ತಿ ಕೂತು ಹೇಳಿದ ಮಾತನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. "ರುಮಾಲಿಗೆ ಸವಾಲಿಲ್ಲ" ಎನ್ನುತ್ತಿದ್ದರು. ಸರ್ಕಾರ ವಂಶಪಾರಂಪರ್ಯದ ಪಾಟೀಲಕಿ ಹುದ್ದೆಯನ್ನು ತೆಗೆದುಹಾಕಿತು, ರುಮಾಲನ್ನು ತೆಗೆಯಲಿಲ್ಲ. ದೊಡ್ಡ ಪಾಟೀಲರು ವಯಸ್ಸಾದ ಮೇಲೆ ಅದನ್ನು ಮಗನ ತಲೆಗೆ ಸುತ್ತಿ, ತಾವು ಬರಿದಲೆಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರು.

ಅವರು ರುಮಾಲು ಸುತ್ತಿದ್ದ ಕಾಲದಲ್ಲೇ ಆ ಗಲಾಟೆಯ ವರ್ಷ ಬಂದದ್ದು. ನಿಜಾಮರ ರಾಜ್ಯ ಮುಗಿಯುವ ಹೊತ್ತು. ಯಾರೂ ಯುದ್ಧವೆಂದು ಹೆಸರಿಡದ ಯುದ್ಧ. ಯಾವ ಕಡೆಯವರು ಯಾರನ್ನು ಕೊಂದರೆಂದು ಕೇಳಬೇಡಿ, ಕತ್ತಿ ಎರಡೂ ಕಡೆ ಇತ್ತು. ಒಂದು ಮಧ್ಯಾಹ್ನ ಹಳ್ಳದಾಚೆಯ ವಾಡಿಯ ಜನ ಗಂಟುಮೂಟೆ ಹೊತ್ತು ನಮ್ಮೂರಿನ ಕಡೆ ಓಡಿಬಂದರು. ಬೆನ್ನ ಹಿಂದೆ ಕತ್ತಿ ಹಿಡಿದವರು. ಊರ ಅಗಸಿಯ ಬಾಗಿಲು ಹಾಕು ಎಂದು ಹುಕುಂ ಆಯಿತು. ಕಾವಲುಗಾರ ಧೂಳಪ್ಪ ಅಗಳಿ ಹಾಕಿದ. ಹೊರಗುಳಿದವರು ಬಾಗಿಲು ಬಡಿಯುತ್ತಲೇ ಸತ್ತರು.

ಆಮೇಲೆ ಊರು ಪಾಟೀಲರಿಗೆ ಕೈಮುಗಿಯುವುದನ್ನು ಬಿಡಲಿಲ್ಲ. ಧೂಳಪ್ಪನ ಮನೆ ಮಾತ್ರ "ಬಾಗಿಲ ಹಾಕಿದವನ ಮನಿ" ಆಯಿತು. ಆ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಸುಗ್ಗಿಯಲ್ಲಿ ಅವನ ಹೊಲದ ತೊಗರಿ ಬಡಿಯಲು ಆಳು ಸಿಗುತ್ತಿರಲಿಲ್ಲ.

ಇದಾಗಿ ಎಷ್ಟೋ ವರ್ಷಗಳ ಮಾತು, ನಾನು ಹೊಸದಾಗಿ ಸಾಲಿ ಮಾಸ್ತರನಾಗಿದ್ದೆ. ಧೂಳಪ್ಪ ಹಾಸಿಗೆ ಹಿಡಿದಿದ್ದ. ಅವನ ಮಗಳು ನೀಲಮ್ಮ, ನಾವೆಲ್ಲ ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದವಳು, ಗಂಡನ ಮನೆಯಿಂದ ಬಂದು ಆರೈಕೆ ಮಾಡುತ್ತಿದ್ದಳು. ಒಂದು ದಿನ ಸೀದಾ ಚಾವಡಿಗೆ ಬಂದಳು. ಹಿರಿಯರೆಲ್ಲ ಇದ್ದರು, ದೊಡ್ಡ ಪಾಟೀಲರೂ ಇದ್ದರು.

"ನಮ್ಮಪ್ಪನ ಕಿವಿ ಇನ್ನಾ ಕೇಳ್ತಾವ್ರಿ. ಅವು ಮುಚ್ಚೋದರೊಳಗ ಒಂದ ಮಾತ ಬೀಳಬೇಕು. ಬಾಗಿಲ ಹಾಕು ಅಂದವರು ಯಾರು? ನಾಕು ಮಂದ್ಯಾಗ ಹೇಳ್ರಿ."

ದೊಡ್ಡ ಪಾಟೀಲರು ಮೀಸೆಯಲ್ಲೇ ನಕ್ಕರು. "ನೀಲವ್ವಾ, ಅದು ರುಮಾಲಿನ ಫೈಸಲಾ. ರುಮಾಲು ಈಗ ನನ್ನ ತಲಿ ಮ್ಯಾಗ ಎಲ್ಲಿ ಅದ? ಕೇಳೋದಿದ್ರ ಅದಕ್ಕ ಕೇಳು."

ನಮ್ಮೂರ ಹಿರಿಯರು ಇದನ್ನು ತಮಾಷೆ ಎಂದುಕೊಳ್ಳಲಿಲ್ಲ ನೋಡಿ! ರೂಢಿಯ ಪ್ರಕಾರ ಮಾತು ಸರಿಯಾಗಿದೆ ಎಂದು ತಲೆದೂಗಿ, ಮಗನ ತಲೆಯಿಂದ ರುಮಾಲು ತರಿಸಿದರು. ಗಾದಿಯ ಮೇಲೆ ಇಟ್ಟರು. ಒಬ್ಬರು ಮರೆತು ಅದಕ್ಕೆ ಶರಣೂ ಮಾಡಿದರು. ಕಾಕು ಅದರ ಮುಂದೆ ಹೋಗಿ ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು ಕೇಳಿದಳು: "ಯಜಮಾನ್ರೇ, ಹುಕುಂ ಕೊಟ್ಟೋರು ನೀವೇನ್ರಿ?"

ಹೊರಗೆ ಎಮ್ಮೆಯೊಂದು ಕೂಗಿತು. ಯಾರೋ ಕಿಸಕ್ಕನೆ ನಕ್ಕರು.

"ಮಾತಾಡವಲ್ದು ನೋಡ್ರಿ," ಎಂದು ಕಾಕು ಪಾಟೀಲರ ಕಡೆ ತಿರುಗಿದಳು. "ರುಮಾಲಿಗಿ ಬಾಯಿಲ್ಲ. ಹುಕುಂ ಬಾಯಿಂದ ಬಂದಿತ್ತು. ಆ ಬಾಯಿ ಇನ್ನಾ ನಿಮ್ಮ ಮಾರಿ ಮ್ಯಾಗೇ ಅದ."

ಈಗ ಯಾರೂ ನಗಲಿಲ್ಲ. ದೊಡ್ಡ ಪಾಟೀಲರು ಎದ್ದು ಹೋದರು. ಮರುದಿನ ಭಾಲ್ಕಿಗೆ, ಮಗಳ ಮನೆಗೆ ಹೋದರೆಂದು ಸುದ್ದಿ ಬಂತು. ಹಿರಿಯರು ಕೈ ಚೆಲ್ಲಿದರು. "ಭಾಲ್ಕಿ ನಮ್ಮೂರ ಹದ್ದಿನಾಗ ಬರೂದಿಲ್ಲವ್ವಾ."

"ಬಸ್ಸು ಬರ್ತದಲ್ಲರಿ," ಎಂದಳು ಕಾಕು.

ಜೊತೆಗೆ ನನ್ನನ್ನು ಕರೆದೊಯ್ದಳು. ಓದಿದವನು, ಕಾನೂನು ಮಾತಾಡುತ್ತಾನೆ ಎಂದು. ನಾನೂ ದಾರಿಯುದ್ದಕ್ಕೂ ಭಾರೀ ಭಾಷಣ ಸಿದ್ಧಮಾಡಿಕೊಂಡೆ. ಪಾಟೀಲರ ಮಗಳು ಸುಲೋಚನಾಬಾಯಿ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ, ತಂಬಿಗೆಯಲ್ಲಿ ನೀರು ತಂದಿಟ್ಟಳು, ಚುರುಮುರಿ ಒಗ್ಗರಣೆಯ ಸುಸಲಾ ತಂದಳು. ನಾನು ಗಂಟಲು ಸರಿಪಡಿಸಿಕೊಂಡು "ನ್ಯಾಯ ಎಂಬುದು..." ಎಂದು ಶುರುಮಾಡಿದೆ. ಮೂಲೆಯ ಹಾಸಿಗೆಯಿಂದ ದೊಡ್ಡ ಪಾಟೀಲರು, "ಮಾಸ್ತರ್, ಸುಸಲಾ ತಣ್ಣಗಾಗ್ತದ. ಮೊದಲು ತಿನ್ರಿ," ಎಂದರು. ತಿಂದೆ. ನನ್ನ ವಕೀಲಿಕೆ ಅಲ್ಲಿಗೆ ಮುಗಿಯಿತು. ಸುಸಲಾ ಚೆನ್ನಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಕಾಕು ನೀರನ್ನೂ ಮುಟ್ಟಲಿಲ್ಲ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವರು ಕೊಟ್ಟ ನೀರು ಮುಟ್ಟದೆ ಕೂತರೆ, ಆ ಮನೆಯ ಮೇಲೆ ಅದಕ್ಕಿಂತ ದೊಡ್ಡ ಫಿರ್ಯಾದಿಲ್ಲ. ಸುಲೋಚನಾಬಾಯಿಯ ನೋಟ ತುಂಬಿದ ತಂಬಿಗೆಯ ಮೇಲೆ ನಿಂತಿತು.

"ಯಾಕ್ರಿ ಅಕ್ಕಾ, ನಮ್ಮ ಮನಿ ನೀರು ಬ್ಯಾಡೇನು?"

ಕಾಕು ಎಲ್ಲವನ್ನೂ ಹೇಳಿದಳು. ಸುಲೋಚನಾಬಾಯಿ ಕೇಳಿಸಿಕೊಂಡಳು. ತವರೂರಿನ ಆ ಬಾಗಿಲಿನ ಕತೆ ಅವಳಿಗೆ ತಿಳಿಯದ್ದಲ್ಲ. ಅದು ಧೂಳಪ್ಪನ ಕತೆ ಎಂದೇ ತಿಳಿದಿದ್ದಳು. ಒಳಗೆ ಹೋಗಿ ತಂದೆಯ ಕೋಲು ತಂದು ಅವರ ಕೈಗೆ ಕೊಟ್ಟಳು.

"ಅಪ್ಪಾ, ನನ್ನ ಮನ್ಯಾಗ ಬೇಕಾದಷ್ಟ ದಿನ ಇರ್ರಿ. ಖರೆ ಮೊದಲು ಹೋಗಿ ಜವಾಬ್ ಕೊಟ್ಟು ಬರ್ರಿ. ನೀರು ಹಿಂಗ ಇಟ್ಟಲ್ಲೇ ಇದ್ದರ ನನಗ ಒಲಿ ಹಚ್ಚಲಾಕ ಮನಸಾಗೂದಿಲ್ಲ."

"ನೀ ನನ್ನ ಮಗಳೋ, ಆಕಿ ವಕೀಲಳೋ?" ಎಂದು ಮುದುಕರು ಗದರಿದರು.

"ಮಗಳಾಗೇ ಹೇಳ್ಲಾಕತ್ತೀನಿ."

ನಾಲ್ವರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ಧೂಳಪ್ಪನನ್ನು ಅವನು ಮಲಗಿದ್ದ ಹಗ್ಗದ ಹೊರಸಿನ ಸಮೇತ ಚಾವಡಿಗೆ ತಂದರು. ದೊಡ್ಡ ಪಾಟೀಲರು ಗಾದಿಯ ಕಡೆ ಹೋಗದೆ ಕೆಳಗೆ, ಹೊರಸಿನ ಪಕ್ಕ ಕೂತರು.

"ಹುಕುಂ ನಂದು," ಎಂದರು. "ಧೂಳಪ್ಪ ಕೇಳಿದ್ದ. 'ಪಾಟೀಲ್ರೇ, ಜನ ಹೊರಗ ಇದ್ದಾರ, ಒಂದೀಟು ತಡೀಲೇನ್ರಿ' ಅಂತ. ನಾನೇ ಹಾಕು ಅಂದೆ."

"ತೆರೆದಿದ್ರ ಊರೇ ಸುಡ್ತಿತ್ತು ಬಿಡ್ರಿ," ಎಂದರು ಒಬ್ಬ ಹಿರಿಯರು, ಸಮಾಧಾನಕ್ಕೆ.

ಸುಡುತ್ತಿತ್ತೋ ಏನೋ. ಅದನ್ನು ತೂಗಲು ನನ್ನ ಹತ್ತಿರ ತಕ್ಕಡಿಯಿಲ್ಲ. ಆದರೆ ಅಷ್ಟು ವರ್ಷ ಆ ಭಾರ ಹೊತ್ತವನು ಧೂಳಪ್ಪನೊಬ್ಬನೇ ಎಂಬುದಕ್ಕೆ ತಕ್ಕಡಿ ಬೇಕಿರಲಿಲ್ಲ. ಅವನು ಹೊರಸಿನ ಮೇಲೆ ಕತ್ತು ತಿರುಗಿಸಿದ. ಮಾತು ಬಹಳ ಸಣ್ಣಗೆ ಬಂತು.

"ಹೊರಗ ಯಾರ್ಯಾರು ಇದ್ರು, ಅದನೂ ಹೇಳ್ರಿ."

ದೊಡ್ಡ ಪಾಟೀಲರು ಅಂದು ಅಗಸಿಯ ಬುರುಜಿನ ಮೇಲೆ ನಿಂತು ನೋಡಿದ್ದರು. ಅವರಿಗೆ ಎಲ್ಲರೂ ಗೊತ್ತಿದ್ದರು. ಒಬ್ಬೊಬ್ಬರನ್ನಾಗಿ ಹೇಳತೊಡಗಿದರು. "ಬಡಿಗ್ಯಾರ ಈರಣ್ಣ. ಅವನ ಹೆಂಡ್ತಿ ಶಾಂತಾ. ಆಕಿ ಬಗಲಾಗಿನ ಕೂಸು. ಹಣ್ಣ ಮಾರೋ ಹುಸೇನ. ಅವನ ತಾಯಿ..." ಒಂದೊಂದು ಹೆಸರಿಗೂ ಧೂಳಪ್ಪ "ಹೂಂ" ಎನ್ನುತ್ತಿದ್ದ. ಪಾಟೀಲರು ಮೇಲಿನಿಂದ ಮುಖ ನೋಡಿ ಗುರುತಿಸಿದ್ದನ್ನು, ಅವನು ಬಾಗಿಲ ಹಿಂದಿನಿಂದ ದನಿ ಕೇಳಿ ಗುರುತಿಸಿದ್ದ. ಒಂದು ಕಡೆ ಪಾಟೀಲರು ತಡವರಿಸಿ ನಿಂತರು. ಧೂಳಪ್ಪನೇ ಆ ಹೆಸರು ಹೇಳಿದ. ಅಷ್ಟು ವರ್ಷ ನಮ್ಮೂರಲ್ಲಿ ಯಾರೂ ಆಡದಿದ್ದ ಹೆಸರುಗಳು ಅವು.

ದಂಡವಾಗಲಿಲ್ಲ, ಸೆರೆಮನೆಯಾಗಲಿಲ್ಲ. ಆದರೆ ಆ ಸುಗ್ಗಿಯಲ್ಲಿ ಧೂಳಪ್ಪನ ಹೊಲಕ್ಕೆ ಯಾರೂ ಕರೆಯದೆಯೇ ಆಳುಗಳು ಹೋದರು. ಕೆಲ ದಿನಕ್ಕೆ ಅವನು ತೀರಿಕೊಂಡಾಗ ಮಣ್ಣು ಕೊಡಲು ಇಡೀ ಊರೇ ನಿಂತಿತ್ತು.

ಅದಕ್ಕೇ ನಾನು ಧೈರ್ಯವಾಗಿ ಹೇಳುತ್ತೇನೆ: ಗದ್ದುಗೆ ಇಳಿದವನನ್ನು ಕೇಳಬಹುದು, ಕೇಳಬೇಕು. ಗೆದ್ದವರನ್ನು ಇನ್ನೂ ಕೇಳಲಾಗಿಲ್ಲ ಎಂಬುದು ಮಾಣಿಕರಾವ್ ಹೇಳಿದಂತೆ ನಿಜವೇ. ಅದು ಕೇಳುವುದನ್ನು ಬಿಡಲಿಕ್ಕೆ ಕಾರಣವಲ್ಲ, ಇನ್ನೊಂದು ಬಸ್ಸು ಹತ್ತಲಿಕ್ಕೆ ಕಾರಣ.

ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಚಹಾದ ಮೇಲೆ ಕೆನೆ ಕಟ್ಟಿತ್ತು. ಮಾಣಿಕರಾವ್ ಟಿವಿಯ ಕಡೆ ತಿರುಗಿ ಕೂತಿದ್ದರು. ಟಿವಿಯಲ್ಲಿ ಕಪ್ಪು ನಿಲುವಂಗಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತು ಹಾಳೆ ನೋಡಿ, ಒಂದೊಂದಕ್ಕೂ ತಡೆದು, ಓದತೊಡಗಿದಳು. ಮುದಿ ಅಧ್ಯಕ್ಷ ತಲೆ ತಗ್ಗಿಸಿದ್ದ. ಹೋಟೆಲಿನ ಮಾಲೀಕ ಚಾನೆಲ್ ಬದಲಿಸಲು ರಿಮೋಟ್ ಎತ್ತಿದ. ಬೇರೆ ದಿನವಾಗಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ.

"ಇರ್ರಿ, ಇರ್ರಿ. ಆವಾಜ್ ಹೆಚ್ಚ ಮಾಡ್ರಿ," ಎಂದೆ.

"ಏನ್ ತಿಳೀತದ್ರಿ ಮಾಸ್ತರ್ ಅದು? ಯಾವ ಭಾಷಾನೋ," ಎಂದ ಮಾಲೀಕ.

"ಹೆಸರು ಓದ್ಲಾಕತ್ತಾಳ್ರಿ," ಎಂದರು ಮಾಣಿಕರಾವ್, ನನಗಿಂತ ಮೊದಲು. "ಸತ್ತವರ ಹೆಸರು. ಸುಮ್ಮ ಕೂಡ್ರಿ, ಕೇಳೋಣು."